ಪ್ರಯೋಗಶಾಲೆಯೂ ಹಿಟ್ಟಿನ ಕೋಳಿಯೂ

ಪ್ರಾಣಿಗಳ ಮೇಲೆ ನಡೆಯುವ ವೈಜ್ಞಾನಿಕ ಪ್ರಯೋಗಗಳ ವಿಷಯ ಬಂದಾಗ ನಮ್ಮ ಸಮಾಜದಲ್ಲಿ ಎರಡು ಬಗೆಯ ಪ್ರತಿಕ್ರಿಯೆಗಳು ಕಂಡುಬರುತ್ತವೆ. ಪರ್ವದಿನಗಳ ಪ್ರವಚನ ವೇದಿಕೆಯಿಂದ ಅದು ಘೋರಹಿಂಸೆಯೆಂಬ ಖಂಡನೆ ಕೇಳಿಬರುತ್ತದೆ. ಅದೇ ಸಭೆಯಲ್ಲಿ ಕುಳಿತಿರುವ ವೈದ್ಯರು, ಔಷಧ ವ್ಯಾಪಾರಿಗಳು, ಜೀವಶಾಸ್ತ್ರದ ವಿದ್ಯಾರ್ಥಿಗಳು ಮೌನವಾಗಿರುತ್ತಾರೆ. ಆ ಖಂಡನೆಯಲ್ಲಿ ಸತ್ಯವಿದೆ. ಈ ಮೌನದಲ್ಲಿಯೂ ಒಂದು ಸತ್ಯವಿದೆ. ಖಂಡಿಸುವವರು ಸಂಜೆ ಮನೆಗೆ ಹೋಗಿ ರಕ್ತದೊತ್ತಡದ ಮಾತ್ರೆಯನ್ನು ನುಂಗುತ್ತಾರೆಂಬುದು ಮೌನವಾಗಿರುವವರಿಗೆ ಗೊತ್ತು. ಆ ಮಾತ್ರೆ ಅಂಗಡಿಗೆ ಬರುವುದಕ್ಕೆ ಮೊದಲು ಎಷ್ಟು ಇಲಿಗಳ, ಎಷ್ಟು ನಾಯಿಗಳ ದೇಹವನ್ನು ಹಾದು ಬಂದಿದೆಯೆಂಬುದನ್ನು ಇಬ್ಬರೂ ಆಡುವುದಿಲ್ಲ. ಈ ಆಡದ ಮಾತನ್ನು ಆಡುವುದಕ್ಕೆ ಒಂದು ಆಧಾರ ಬೇಕಾಗಿದೆ. ಅಂತಹ ಆಧಾರವಾಗಿ ಒಂದು ಪಾಶ್ಚಾತ್ಯ ಗ್ರಂಥವನ್ನು ಇಲ್ಲಿ ಪರಾಮರ್ಶೆಗೆ ಎತ್ತಿಕೊಂಡಿದ್ದೇವೆ.

ಆ ಗ್ರಂಥದ ಹೆಸರು 'ದಿ ಪ್ರಿನ್ಸಿಪಲ್ಸ್ ಆಫ್ ಹ್ಯೂಮೇನ್ ಎಕ್ಸ್‌ಪೆರಿಮೆಂಟಲ್ ಟೆಕ್ನಿಕ್'. 'ದಯಾಪರವಾದ ಪ್ರಯೋಗವಿಧಾನದ ತತ್ತ್ವಗಳು' ಎಂದು ಅದನ್ನು ಕನ್ನಡಿಸಬಹುದು. 1959ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಈ ಕೃತಿಯ ಕರ್ತೃಗಳು ಪ್ರಾಣಿಶಾಸ್ತ್ರಜ್ಞ ಡಬ್ಲ್ಯು. ಎಂ. ಎಸ್. ರಸೆಲ್ ಮತ್ತು ಸೂಕ್ಷ್ಮಜೀವಿಶಾಸ್ತ್ರಜ್ಞ ಆರ್. ಎಲ್. ಬರ್ಚ್. ಈ ರಸೆಲ್ ನಾವೆಲ್ಲ ಹೆಸರು ಕೇಳಿರುವ ತತ್ತ್ವಜ್ಞಾನಿ ಬರ್ಟ್ರಂಡ್ ರಸೆಲ್ ಅಲ್ಲ. ಪ್ರಾಣಿಗಳ ಯೋಗಕ್ಷೇಮಕ್ಕಾಗಿ ಬ್ರಿಟನ್ನಿನ ವಿಶ್ವವಿದ್ಯಾಲಯಗಳವರು ಕಟ್ಟಿಕೊಂಡ ಒಂದು ಒಕ್ಕೂಟವಿದೆ. ಅದರ ಸ್ಥಾಪಕರಾದ ಚಾರ್ಲ್ಸ್ ಹ್ಯೂಮ್ ಅವರ ಪ್ರೇರಣೆಯಿಂದ 1954ರಲ್ಲಿ ಈ ಅಧ್ಯಯನ ಪ್ರಾರಂಭವಾಯಿತು. ಪುಸ್ತಕ ಹೊರಬಂದಾಗ ಅದನ್ನು ಗಮನಿಸಿದವರು ವಿರಳ. ಸುಮಾರು ಎರಡು ದಶಕಗಳ ಕಾಲ ಅದು ಗ್ರಂಥಾಲಯಗಳ ಕಪಾಟಿನಲ್ಲಿ ಉಳಿಯಿತು. ಆಮೇಲೆ ಅದರ ಭಾಗ್ಯ ತಿರುಗಿತು. ಇಂದು ಪ್ರಯೋಗಪ್ರಾಣಿಗಳನ್ನು ಕುರಿತ ಹಲವು ದೇಶಗಳ ಕಾನೂನುಗಳಲ್ಲಿ ಅದರ ಪರಿಭಾಷೆ ಕಾಣಿಸುತ್ತದೆ. ಐರೋಪ್ಯ ಒಕ್ಕೂಟದ 2010ರ ನಿರ್ದೇಶನಕ್ಕೂ, ನಮ್ಮ ದೇಶದ ನಿಯಂತ್ರಣ ಸಮಿತಿಯ ಮಾರ್ಗಸೂಚಿಗಳಿಗೂ ಮೂಲಭಿತ್ತಿ ಈ ಗ್ರಂಥವೇ. ಆದುದರಿಂದ ಹಳೆಯದೆಂದು ಇದನ್ನು ಬದಿಗಿರಿಸುವಂತಿಲ್ಲ.

ಗ್ರಂಥದ ಸಾರ

ಗ್ರಂಥಕರ್ತರು ಮೂರು ತತ್ತ್ವಗಳನ್ನು ಮುಂದಿಡುತ್ತಾರೆ. ಇಂಗ್ಲಿಷಿನಲ್ಲಿ ಮೂರೂ 'ಆರ್' ಅಕ್ಷರದಿಂದ ಮೊದಲಾಗುವುದರಿಂದ ಅವು 'ಮೂರು ಆರ್‌ಗಳು' ಎಂದೇ ಪ್ರಸಿದ್ಧವಾಗಿವೆ. ನಾವು ಅವುಗಳನ್ನು ಪರ್ಯಾಯ, ಮಿತಿ, ಪರಿಷ್ಕಾರ ಎಂದು ಕರೆಯೋಣ. ಪ್ರಾಣಿಯ ಬದಲು ಸಂವೇದನೆಯಿಲ್ಲದ ವಸ್ತುವಿನಿಂದ ಕೆಲಸವಾಗುವುದಾದರೆ ಅದನ್ನೇ ಬಳಸಬೇಕು ಎಂಬುದು ಪರ್ಯಾಯ. ಪ್ರಾಣಿ ಬೇಕೇ ಬೇಕೆಂದಾದರೆ ಅತ್ಯಂತ ಕಡಮೆ ಸಂಖ್ಯೆಯಲ್ಲಿ ಬಳಸಬೇಕು ಎಂಬುದು ಮಿತಿ. ಬಳಸಿದ ಪ್ರಾಣಿಗೆ ಆಗುವ ಯಾತನೆಯನ್ನು ಸಾಧ್ಯವಾದಷ್ಟು ತಗ್ಗಿಸಬೇಕು ಎಂಬುದು ಪರಿಷ್ಕಾರ. ಈ ಮೂರರಲ್ಲಿ ಪರ್ಯಾಯಕ್ಕೆ ಅಗ್ರಸ್ಥಾನ.

ಯಾತನೆಯನ್ನು ಅವರು ಎರಡಾಗಿ ವಿಂಗಡಿಸುವುದು ನಮಗೆ ವಿಶೇಷ ಆಸಕ್ತಿಯ ಸಂಗತಿ. ಪ್ರಯೋಗದ ಸ್ವರೂಪದಿಂದಲೇ ತಪ್ಪಿಸಲಾಗದಂತೆ ಉಂಟಾಗುವ ಯಾತನೆ ಒಂದು, ಅದು 'ನೇರ'ವಾದುದು. ಪ್ರಯೋಗಕ್ಕೆ ಬೇಕಿಲ್ಲದಿದ್ದರೂ ಅಜಾಗ್ರತೆಯಿಂದ, ಪಂಜರದ ಇಕ್ಕಟ್ಟಿನಿಂದ, ಒರಟು ಕೈಗಳಿಂದ ಉಂಟಾಗುವುದು ಇನ್ನೊಂದು, ಅದು 'ಆನುಷಂಗಿಕ'. ಎರಡನೆಯದಕ್ಕೆ ಯಾವ ಸಮರ್ಥನೆಯೂ ಇಲ್ಲ, ಅದು ವಿಜ್ಞಾನಕ್ಕೂ ಹಾನಿಕರ ಎಂಬುದು ಅವರ ವಾದ. ಹೆದರಿದ, ನೊಂದ, ಹಸಿದ ಪ್ರಾಣಿಯ ದೇಹ ಸಹಜಸ್ಥಿತಿಯಲ್ಲಿರುವುದಿಲ್ಲ. ಅದರಿಂದ ಪಡೆದ ಅಂಕಿಗಳೂ ಸಹಜವಾಗಿರುವುದಿಲ್ಲ. ದಯೆಯೂ ನಿಖರತೆಯೂ ಒಂದೇ ದಾರಿಯಲ್ಲಿ ನಡೆಯುತ್ತವೆ ಎಂಬುದು ಈ ಗ್ರಂಥದ ಹೃದಯ.

ಜೈನ ವಾಚಕನು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಅಹಿಂಸಾಣುವ್ರತದ ಐದು ಅತಿಚಾರಗಳನ್ನು ನಮ್ಮ ಮಕ್ಕಳು ಪಾಠಶಾಲೆಯಲ್ಲಿ ಬಾಯಿಪಾಠ ಮಾಡುತ್ತಾರೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಕತ್ತರಿಸುವುದು, ಹೊರಲಾರದ ಹೊರೆ ಹೇರುವುದು, ಅನ್ನನೀರನ್ನು ತಡೆಯುವುದು. ದನಕರುಗಳನ್ನು ಸಾಕುವ ಗೃಹಸ್ಥನನ್ನು ಕಣ್ಣಮುಂದಿಟ್ಟುಕೊಂಡು ಈ ಪಟ್ಟಿಯನ್ನು ವಿವರಿಸುವುದು ವಾಡಿಕೆ. ಆದರೆ ಪ್ರಯೋಗಶಾಲೆಯ ದಿನಚರಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಬೆರಗಾಗುತ್ತದೆ. ಪಂಜರ ಬಂಧವಲ್ಲವೇ? ಶಸ್ತ್ರಕ್ರಿಯೆ ಛೇದವಲ್ಲವೇ? ಸಹಿಸಲಾರದ ಪ್ರಮಾಣದಲ್ಲಿ ರಾಸಾಯನಿಕವನ್ನು ಹೊಟ್ಟೆಗೆ ತುಂಬುವುದು ಅತಿಭಾರವಲ್ಲವೇ? ಪರೀಕ್ಷೆಯ ಹಿಂದಿನ ರಾತ್ರಿ ಆಹಾರವನ್ನು ತೆಗೆದಿರಿಸುವುದು ಅನ್ನಪಾನನಿರೋಧವಲ್ಲವೇ? ರಸೆಲ್ ಮತ್ತು ಬರ್ಚ್ 'ಆನುಷಂಗಿಕ' ಎಂದು ಕರೆದು ನಿವಾರಿಸಲು ಹೊರಟದ್ದು ಬಹುಮಟ್ಟಿಗೆ ಈ ಅತಿಚಾರಗಳನ್ನೇ. ಜಿನಾಗಮವನ್ನು ಓದಿರದಿದ್ದರೂ ತಮ್ಮ ಶಾಸ್ತ್ರದ ಒಳಗಿನಿಂದಲೇ ಅವರು ಅಲ್ಲಿಗೆ ತಲುಪಿದುದು ಗೌರವಾರ್ಹ.

ಗ್ರಂಥವನ್ನು ಎತ್ತಿಹಿಡಿದ ಚರಿತ್ರೆ

ಕಳೆದ ಕಾಲದ ಕೆಲವು ಸಂಗತಿಗಳು ಈ ವಾದವನ್ನು ಎತ್ತಿಹಿಡಿದಿವೆ. ಹೆಂಗಸು ಗರ್ಭವತಿಯೇ ಎಂದು ತಿಳಿಯಲು 1920ರ ದಶಕದ ಕೊನೆಯಲ್ಲಿ ಬರ್ಲಿನ್ನಿನ ಆಶ್‌ಹೈಮ್ ಮತ್ತು ಜೊಂಡೆಕ್ ಎಂಬ ವೈದ್ಯರು ಒಂದು ಪರೀಕ್ಷೆಯನ್ನು ರೂಪಿಸಿದರು. ಆಕೆಯ ಮೂತ್ರವನ್ನು ಎಳೆಯ ಹೆಣ್ಣು ಸುಂಡಿಲಿಗಳಿಗೆ ಚುಚ್ಚಿ, ಕೆಲವು ದಿನಗಳ ತರುವಾಯ ಅವುಗಳನ್ನು ಕೊಂದು ಅಂಡಾಶಯವನ್ನು ನೋಡಬೇಕಾಗಿತ್ತು. ಒಂದು ಮನೆಯ ಶುಭವಾರ್ತೆಗೆ ಹಲವು ಜೀವಗಳ ಬಲಿ! ಮುಂದೆ ಮೊಲ ಬಂತು, ಕಪ್ಪೆ ಬಂತು. 1960ರಲ್ಲಿ ವೈಡ್ ಮತ್ತು ಗೆಮ್ಜೆಲ್ ಎಂಬುವರು ಪ್ರತಿಕಾಯಗಳ ನೆರವಿನಿಂದ ಗಾಜಿನ ನಳಿಕೆಯಲ್ಲಿಯೇ ಉತ್ತರ ಪಡೆಯುವ ಕ್ರಮವನ್ನು ತೋರಿಸಿದರು. ಇಂದು ಔಷಧದ ಅಂಗಡಿಯಲ್ಲಿ ದೊರೆಯುವ ಪಟ್ಟಿ ಆ ಮಾರ್ಗದ ಕೊನೆಯ ಫಲ. ಇಲ್ಲಿಯೂ ಪೂರ್ಣ ನಿರ್ದೋಷತೆಯಿಲ್ಲ; ಮೊದಲ ಪ್ರತಿಕಾಯಗಳು ಮೊಲದ ರಕ್ತದಿಂದ ಬಂದವು. ಆದರೂ ಹಿಂಸೆಯ ಪ್ರಮಾಣ ಎಷ್ಟು ಕುಗ್ಗಿತೆಂಬುದನ್ನು ಹೇಳಬೇಕಾಗಿಲ್ಲ.

ನಮ್ಮ ದೇಶದ ಉದಾಹರಣೆ ಇನ್ನೂ ಹತ್ತಿರದ್ದು. ಹುಚ್ಚುನಾಯಿ ಕಚ್ಚಿದವರಿಗೆ ಹೊಕ್ಕುಳ ಸುತ್ತ ಹದಿನಾಲ್ಕು ಚುಚ್ಚುಮದ್ದು ಕೊಡುತ್ತಿದ್ದುದು ಹಿರಿಯರಿಗೆ ನೆನಪಿರಬೇಕು. ಆ ಲಸಿಕೆಯನ್ನು 20ನೆಯ ಶತಮಾನದ ಆರಂಭದಲ್ಲಿ ಕಸೌಲಿಯಲ್ಲಿ ಡೇವಿಡ್ ಸೆಂಪಲ್ ರೂಪಿಸಿದ ಕ್ರಮದಂತೆ ಕುರಿಗಳಿಗೆ ರೋಗ ಹತ್ತಿಸಿ, ಅವುಗಳ ಮಿದುಳಿನಿಂದ ತಯಾರಿಸುತ್ತಿದ್ದರು. ಅದನ್ನು ಪಡೆದ ಕೆಲವರಿಗೆ ಪಾರ್ಶ್ವವಾಯುವಿನಂತಹ ನರಬಾಧೆ ತಗಲುತ್ತಿತ್ತು. ಕಾರಣ, ಲಸಿಕೆಯೊಡನೆ ದೇಹ ಸೇರುತ್ತಿದ್ದ ಆ ನರಾಂಶವೇ. ಜೀವಕೋಶಗಳನ್ನು ಪಾತ್ರೆಯಲ್ಲಿ ಬೆಳೆಸಿ ತಯಾರಿಸುವ ಲಸಿಕೆ ಬಂದ ಮೇಲೂ ಬೆಲೆಯ ಕಾರಣದಿಂದ ಹಳೆಯ ಪದ್ಧತಿ ಬಹುಕಾಲ ಉಳಿದು, 2005ರ ಹೊತ್ತಿಗೆ ಭಾರತದಲ್ಲಿ ನಿಂತಿತು. ಕುರಿಗೆ ಹಿತವಾದುದೇ ಮನುಷ್ಯನಿಗೂ ಹಿತವಾಯಿತು.

ಮಿತಿ ಎಂಬ ತತ್ತ್ವಕ್ಕೂ ನಿದರ್ಶನವಿದೆ. ಒಂದು ರಾಸಾಯನಿಕದ ವಿಷಪ್ರಮಾಣವನ್ನು ತಿಳಿಯಲು ಪ್ರಾಣಿಗಳ ಗುಂಪಿನಲ್ಲಿ ಅರ್ಧದಷ್ಟು ಸಾಯುವವರೆಗೆ ಅದನ್ನು ಉಣಿಸುವ ಪರೀಕ್ಷೆಯನ್ನು 1927ರಲ್ಲಿ ಟ್ರೆವನ್ ಎಂಬ ವಿಜ್ಞಾನಿ ರೂಪಿಸಿದ. ಔಷಧಿ, ಬಣ್ಣ, ಕೀಟನಾಶಕ ಎಲ್ಲಕ್ಕೂ ಅದು ಕಡ್ಡಾಯದ ಕಟ್ಟಳೆಯಂತಾಯಿತು. ಅದಕ್ಕಿಂತ ಬಹಳ ಕಡಮೆ ಪ್ರಾಣಿಗಳಿಂದ ಅದೇ ತಿಳಿವಳಿಕೆ ದೊರೆಯುತ್ತದೆಂದು ರುಜುವಾತಾದ ಮೇಲೆ, 2002ರಲ್ಲಿ ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಸ್ಥೆಯು ಆ ಹಳೆಯ ರೂಪದ ಪರೀಕ್ಷೆಯನ್ನು ತನ್ನ ಮಾರ್ಗಸೂಚಿಗಳಿಂದ ತೆಗೆದುಹಾಕಿತು. ಮುಕ್ಕಾಲು ಶತಮಾನದ ಕಾಲ ರೂಢಿಯೆಂಬ ಒಂದೇ ಕಾರಣಕ್ಕೆ ಎಷ್ಟು ಜೀವಗಳು ಹೋದುವೋ! ಪ್ರಮಾದವೆಂದು ನಮ್ಮ ಆಚಾರ್ಯರು ಕರೆದದ್ದು ಇದನ್ನೇ. ದ್ವೇಷವಿಲ್ಲದೆ, ಕ್ರೋಧವಿಲ್ಲದೆ, ಕೇವಲ ಎಚ್ಚರವಿಲ್ಲದೆ ನಡೆಯುವ ಹಿಂಸೆ.

ನೋವಿನ ಲೆಕ್ಕ ಮತ್ತು ಪ್ರಾಣದ ಲೆಕ್ಕ

ಇಷ್ಟನ್ನೂ ಮನ್ನಿಸಿದ ಮೇಲೆ ಗ್ರಂಥದ ಕೊರತೆಗಳನ್ನು ಹೇಳಬೇಕಾಗಿದೆ. ಮೊದಲನೆಯ ಕೊರತೆ, ಅದು ನೋವನ್ನು ಅಳೆಯುತ್ತದೆ, ಪ್ರಾಣವನ್ನು ಅಳೆಯುವುದಿಲ್ಲ. ಗ್ರಂಥಕರ್ತರು ಪರ್ಯಾಯವನ್ನು ಪೂರ್ಣ ಮತ್ತು ಸಾಪೇಕ್ಷ ಎಂದು ಎರಡಾಗಿ ಮಾಡುತ್ತಾರೆ. ಪ್ರಾಣಿಯನ್ನು ಪೂರ್ತಿಯಾಗಿ ಅರಿವಳಿಕೆಗೆ ಒಳಪಡಿಸಿ, ಎಚ್ಚರವಾಗುವುದಕ್ಕೆ ಮೊದಲೇ ಪ್ರಯೋಗವನ್ನೂ ಅದರ ಆಯುಷ್ಯವನ್ನೂ ಮುಗಿಸಿದರೆ ಅದು ಸಾಪೇಕ್ಷ ಪರ್ಯಾಯ. ನೋವಿಲ್ಲದಂತೆ ಕೊಂದು ಅಂಗಾಂಶವನ್ನು ತೆಗೆದುಕೊಂಡರೆ ಅದೂ ಸಾಪೇಕ್ಷ ಪರ್ಯಾಯ. ನೋವು ಇಲ್ಲದುದರಿಂದ ಅಲ್ಲಿ ಕ್ರೌರ್ಯವಿಲ್ಲ ಎಂಬುದು ತರ್ಕ.

ಜೈನ ದೃಷ್ಟಿಗೆ ಈ ತರ್ಕ ಒಪ್ಪಿಗೆಯಾಗದು. ನಮ್ಮಲ್ಲಿ ಹಿಂಸೆಯೆಂದರೆ ಪ್ರಮಾದಯೋಗದಿಂದ ಪ್ರಾಣಗಳಿಗೆ ಒದಗುವ ಹಾನಿ. ಪ್ರಾಣಗಳು ಹತ್ತು: ಐದು ಇಂದ್ರಿಯಗಳು, ಮನೋಬಲ, ವಚನಬಲ, ಕಾಯಬಲ, ಆಯು, ಶ್ವಾಸೋಚ್ಛ್ವಾಸ. ಅರಿವಳಿಕೆ ಇಂದ್ರಿಯಗಳ ವೇದನೆಯನ್ನು ತಡೆಯಬಹುದು, ಆಯುವನ್ನು ಹಿಂದಿರುಗಿಸಲಾರದು. ಮಲಗಿದ್ದವನ ಮನೆಯನ್ನು ದೋಚಿದವನು, ಅವನಿಗೆ ತಿಳಿಯಲೇ ಇಲ್ಲವಲ್ಲ ಎಂದರೆ ಕಳವು ಕಳವಲ್ಲದೆ ಹೋದೀತೇ?

'ಪರ್ಯಾಯ'ದ ಪ್ರಶ್ನೆ ಕನ್ನಡ ಜೈನಸಾಹಿತ್ಯಕ್ಕೆ ಹೊಸದೂ ಅಲ್ಲ. 13ನೆಯ ಶತಮಾನದ ಆದಿಯಲ್ಲಿ ಜನ್ನ ಕವಿ ರಚಿಸಿದ ಯಶೋಧರ ಚರಿತೆಯ ಕಥೆಯನ್ನು ಅರಿಯದ ಶ್ರಾವಕರ ಮನೆಯಿರಲಾರದು. ದುಃಸ್ವಪ್ನದ ಪರಿಹಾರಕ್ಕೆ ದೇವಿಗೆ ಬಲಿ ಬೇಕೆಂದು ತಾಯಿ ಚಂದ್ರಮತಿ ಹಟ ಹಿಡಿದಾಗ ಯಶೋಧರನು ಒಲ್ಲೆನೆಂದ; ಕೊನೆಗೆ ಮಧ್ಯಮಾರ್ಗವೆಂದು ಹಿಟ್ಟಿನ ಕೋಳಿಯನ್ನು ಕಡಿಯಲು ಒಪ್ಪಿದ. ಕತ್ತಿ ಬಿದ್ದಾಗ ಹಿಟ್ಟಿನ ಕೋಳಿ ಕೂಗಿತು. ಆ ಒಂದು ಸಂಕಲ್ಪದಿಂದ ತಾಯಿಯೂ ಮಗನೂ ಭವಭವಗಳಲ್ಲಿ ತಿರ್ಯಂಚರಾಗಿ ಹುಟ್ಟಿ ಬಾಧೆಪಟ್ಟರು. ಅಲ್ಲಿ ಯಾವ ಜೀವವೂ ಸಾಯಲಿಲ್ಲ, ಯಾವ ಜೀವವೂ ನೋಯಲಿಲ್ಲ. ರಸೆಲ್ ಮತ್ತು ಬರ್ಚ್ ಅವರ ಅಳತೆಯಿಂದ ಅದು ಪರಿಪೂರ್ಣ ಪರ್ಯಾಯ. ಕವಿಯ ಅಳತೆ ಬೇರೆ. ಅವನು ಅಳೆದದ್ದು ಸಂಕಲ್ಪವನ್ನು.

ಹಾಗಾದರೆ ಇಲಿಯ ಬದಲು ಗಣಕಯಂತ್ರವನ್ನೋ ಜೀವಕೋಶವನ್ನೋ ಬಳಸುವುದೂ ಹಿಟ್ಟಿನ ಕೋಳಿಯೇ ಎಂದು ಯಾರಾದರೂ ಕೇಳಬಹುದು. ಅಲ್ಲವೆಂದೇ ನಮ್ಮ ಅಭಿಪ್ರಾಯ. ಯಶೋಧರನು ಬಲಿಯ ಬೇಡಿಕೆಯನ್ನು ಒಪ್ಪಿಕೊಂಡು ಬಲಿಪಶುವನ್ನು ಮಾತ್ರ ಬದಲಿಸಿದ. ಪ್ರಾಣಿಯನ್ನು ಉಳಿಸಬೇಕೆಂದು ಹೊಸ ವಿಧಾನವನ್ನು ಹುಡುಕುವ ವಿಜ್ಞಾನಿ ಬೇಡಿಕೆಯನ್ನೇ ಬದಲಿಸುತ್ತಾನೆ. ಅವನ ಸಂಕಲ್ಪ ಅಭಯದಾನದ್ದು. ಆದರೆ ನಿದ್ರೆಯಲ್ಲಿ ಕೊಂದ ಪ್ರಾಣಿಯನ್ನು ಪರ್ಯಾಯದ ಲೆಕ್ಕಕ್ಕೆ ಸೇರಿಸುವುದಕ್ಕೆ ಈ ಸಮಾಧಾನ ಸಲ್ಲದು. ಜನ್ನನ ಕಥೆಯಲ್ಲಿ ಕೋಳಿಯಾದರೂ ಹಿಟ್ಟಿನದಾಗಿತ್ತು. ಇಲ್ಲಿ ಜೀವಂತ ಕೋಳಿಯನ್ನೇ ಹಿಟ್ಟಿನದೆಂದು ಎಣಿಸಲಾಗಿದೆ.

ಗೆರೆ ಎಳೆದ ಜಾಗ

ಎರಡನೆಯ ಕೊರತೆ, ಗ್ರಂಥದ ದಯೆ ಬೆನ್ನೆಲುಬುಳ್ಳ ಪ್ರಾಣಿಗಳ ಗಡಿಯಲ್ಲಿ ನಿಲ್ಲುವುದು. ಅದರಾಚೆಗಿನ ಜೀವಗಳು ಅಲ್ಲಿ ಪರ್ಯಾಯದ ಸಾಮಗ್ರಿ. ಇದರ ಪರಿಣಾಮವನ್ನು ಒಂದು ನಿದರ್ಶನದಿಂದ ತಿಳಿಯಬಹುದು. ಚುಚ್ಚುಮದ್ದುಗಳಲ್ಲಿ ಜ್ವರ ತರುವ ಕಲ್ಮಷವಿದೆಯೇ ಎಂದು ಮೊದಲು ಮೊಲಗಳ ಮೇಲೆ ಪರೀಕ್ಷಿಸುತ್ತಿದ್ದರು. 1970ರ ದಶಕದಿಂದ ಆ ಕೆಲಸಕ್ಕೆ ಕುದುರೆಲಾಳದ ಆಕಾರದ ಒಂದು ಕಡಲಜೀವಿಯ ರಕ್ತ ಬಳಕೆಗೆ ಬಂತು. ಅವುಗಳನ್ನು ಹಿಡಿದು, ರಕ್ತ ಬಸಿದು, ಮತ್ತೆ ಕಡಲಿಗೆ ಬಿಡುತ್ತಾರೆ. ಅವುಗಳಲ್ಲಿ ಒಂದು ಪಾಲು ಸಾಯುತ್ತದೆ. ಮೊಲ ಉಳಿಯಿತೆಂದು ಸಂತೋಷಪಟ್ಟವರು ಈ ಜೀವಿಯನ್ನು ಬಹುಕಾಲ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಈಚೆಗೆ ಆ ರಕ್ತಕ್ಕೂ ಕೃತಕವಾದ ಬದಲಿ ವಸ್ತು ಬಂದಿದೆ.

ಜೈನದರ್ಶನ ಎಲ್ಲ ಜೀವಗಳ ಹಿಂಸೆಯನ್ನೂ ಒಂದೇ ತೂಕದಲ್ಲಿ ತೂಗುತ್ತದೆ ಎಂದು ಹೊರಗಿನವರು ಭಾವಿಸುವುದುಂಟು. ಅದು ತಪ್ಪು ತಿಳಿವಳಿಕೆ. ಏಕೇಂದ್ರಿಯಕ್ಕೆ ನಾಲ್ಕು ಪ್ರಾಣ, ದ್ವೀಂದ್ರಿಯಕ್ಕೆ ಆರು, ತ್ರೀಂದ್ರಿಯಕ್ಕೆ ಏಳು, ಚತುರಿಂದ್ರಿಯಕ್ಕೆ ಎಂಟು, ಮನಸ್ಸಿಲ್ಲದ ಪಂಚೇಂದ್ರಿಯಕ್ಕೆ ಒಂಬತ್ತು, ಮನಸ್ಸುಳ್ಳದ್ದಕ್ಕೆ ಹತ್ತು. ಹೀಗೆ ಮೆಟ್ಟಲುಗಳುಂಟು. ಮೆಟ್ಟಲುಗಳಿದ್ದರೂ ಕಾಳಜಿ ಶೂನ್ಯವಾಗುವ ಗೆರೆ ಮಾತ್ರ ಎಲ್ಲಿಯೂ ಇಲ್ಲ. ವ್ಯತ್ಯಾಸವಿರುವುದು ಇಲ್ಲಿಯೇ.

ಇದೇ ದೃಷ್ಟಿಯಿಂದ ನಮ್ಮ ದೇಶದ ಕಾನೂನನ್ನೂ ನೋಡಬಹುದು. ರುಕ್ಮಿಣಿದೇವಿ ಅರುಂಡೇಲ್ ಅವರು ರಾಜ್ಯಸಭೆಯಲ್ಲಿ ಎತ್ತಿದ ದನಿಯ ಫಲವಾಗಿ 1960ರಲ್ಲಿ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯಿದೆ ಬಂತು. ಗ್ರಂಥಗಳು, ಮಾದರಿಗಳು, ಚಲನಚಿತ್ರಗಳಿಂದ ಪಾಠ ಸಾಧ್ಯವಿರುವೆಡೆ ಪ್ರಯೋಗವನ್ನು ತಪ್ಪಿಸಬೇಕು, ಕೇವಲ ಕೈಚಳಕ ಕಲಿಯುವುದಕ್ಕಾಗಿ ಆದಷ್ಟು ಮಟ್ಟಿಗೆ ಪ್ರಯೋಗ ನಡೆಸಬಾರದು ಎಂದು ಅದರ 17ನೆಯ ಪ್ರಕರಣ ಹೇಳುತ್ತದೆ. ಇದು ಶ್ಲಾಘ್ಯ. ಆದರೆ ಅದೇ ಪ್ರಕರಣ, ಗಿನಿಯಿಲಿ, ಮೊಲ, ಕಪ್ಪೆ, ಇಲಿಗಳಂತಹ ಸಣ್ಣ ಪ್ರಾಣಿಗಳಿಂದ ಫಲ ಸಿಗುವಲ್ಲಿ ದೊಡ್ಡ ಪ್ರಾಣಿಗಳನ್ನು ಬಳಸಬಾರದು ಎಂದೂ ಹೇಳುತ್ತದೆ. ಗಾತ್ರ ಇಲ್ಲಿ ಅಳತೆಗೋಲಾಯಿತು. ಇಲಿ ಮತ್ತು ಮೊಲಗಳು ಆನೆ ಕುದುರೆಗಳಂತೆಯೇ ಗರ್ಭಜ, ಸಂಜ್ಞಿ ಪಂಚೇಂದ್ರಿಯಗಳು. ಅವುಗಳಿಗೂ ಹತ್ತು ಪ್ರಾಣಗಳು. ಒಂದು ಕುದುರೆಯ ಬದಲು ನೂರು ಇಲಿಗಳನ್ನು ಬಳಸಿದಾಗ ಹಿಂಸೆ ತಗ್ಗಿತೋ ಹೆಚ್ಚಿತೋ ಎಂಬುದನ್ನು ಶಾಸನ ಕೇಳುವುದಿಲ್ಲ. ಕಣ್ಣಿಗೆ ಸಣ್ಣದಾಗಿ ಕಾಣುವುದು ಮನಸ್ಸಿಗೂ ಸಣ್ಣದಾಗಿಬಿಡುವ ದೋಷವಿದು.

ಸಂಕಲ್ಪದ ಪ್ರಶ್ನೆ

ಮೂರನೆಯ ಕೊರತೆಯೇ ಮುಖ್ಯವಾದುದು. ಹೆಸರೇ ಸೂಚಿಸುವಂತೆ ಇದು ವಿಧಾನವನ್ನು ಕುರಿತ ಗ್ರಂಥ. ಪ್ರಯೋಗವನ್ನು ಹೇಗೆ ನಡೆಸಬೇಕು ಎಂದು ಅದು ಹೇಳುತ್ತದೆ. ನಡೆಸಲೇಬೇಕೇ ಎಂಬ ಪ್ರಶ್ನೆಯನ್ನು ಹೊರಗಿರಿಸುತ್ತದೆ. ಮಗುವಿನ ಪ್ರಾಣ ಉಳಿಸುವ ಲಸಿಕೆಯೂ ತುಟಿಗೆ ಹಚ್ಚುವ ಬಣ್ಣವೂ ಮೂರು ಆರ್‌ಗಳ ಜರಡಿಯಲ್ಲಿ ಒಂದೇ ರೀತಿ ಹಾದುಹೋಗಬಲ್ಲವು. ಸೌಂದರ್ಯಸಾಧನಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು ಭಾರತ 2014ರಲ್ಲಿ ನಿಷೇಧಿಸಿತು. ಉದ್ದೇಶವನ್ನೇ ಪ್ರಶ್ನಿಸಿದ ಆ ನಿರ್ಧಾರ ಮೂರು ಆರ್‌ಗಳನ್ನು ಮೀರಿದುದು.

ಗೃಹಸ್ಥನ ಹಿಂಸೆಯನ್ನು ನಮ್ಮವರು ಆರಂಭಿ, ಉದ್ಯೋಗಿ, ವಿರೋಧಿ, ಸಂಕಲ್ಪಿ ಎಂದು ನಾಲ್ಕಾಗಿ ವಿಂಗಡಿಸಿದ್ದಾರೆ. ಮೊದಲ ಮೂರನ್ನು ಮಿತಗೊಳಿಸಬೇಕು. ನಾಲ್ಕನೆಯದನ್ನು ಪೂರ್ಣವಾಗಿ ತ್ಯಜಿಸಬೇಕು. ಸಂಶೋಧನೆ ಒಂದು ವೃತ್ತಿಯಾದುದರಿಂದ ಅಲ್ಲಿನದು ಉದ್ಯೋಗಿ ಹಿಂಸೆಯೆಂದು ನಮ್ಮ ವಿದ್ಯಾವಂತರಲ್ಲಿ ಕೆಲವರು ವಾದಿಸುತ್ತಾರೆ. ಈ ವಾದವನ್ನು ಪರೀಕ್ಷಿಸಬೇಕು. ರೈತನ ನೇಗಿಲಿಗೆ ಹುಳು ಸಿಕ್ಕಿ ಸಾಯುತ್ತದೆ; ಆದರೆ ಆ ಹುಳುವಿನ ಸಾವು ರೈತನಿಗೆ ಬೇಕಾಗಿಲ್ಲ, ಅದು ಬದುಕಿದ್ದರೂ ಬೆಳೆ ಬರುತ್ತದೆ. ಶಸ್ತ್ರವೈದ್ಯನು ರೋಗಿಯನ್ನು ಕೊಯ್ಯುತ್ತಾನೆ. ಆದರೆ ನೋವುಣ್ಣುವವನೂ ಹಿತ ಪಡೆಯುವವನೂ ಅಲ್ಲಿ ಒಬ್ಬನೇ. ಪ್ರಯೋಗದಲ್ಲಿ ಪ್ರಾಣಿಯ ರೋಗವೇ, ಸಾವೇ ಉಪಕರಣ. ನೋವು ಒಬ್ಬರದು, ಹಿತ ಇನ್ನೊಬ್ಬರದು. ಆದುದರಿಂದ ಅದರ ಸ್ವರೂಪ ಸಂಕಲ್ಪಿ ಹಿಂಸೆಯದೇ ಎಂದು ಒಪ್ಪದೆ ಗತ್ಯಂತರವಿಲ್ಲ. ಕರ್ಮಬಂಧದ ತೀವ್ರತೆ ಭಾವವನ್ನು ಅನುಸರಿಸುತ್ತದೆಂಬುದೂ ನಿಜ. ರೋಗಿಗಳ ಮೇಲಿನ ಕರುಣೆಯಿಂದ, ಅಳುಕುತ್ತ, ಬೇರೆ ದಾರಿ ಹುಡುಕುತ್ತ ಪ್ರಯೋಗ ನಡೆಸುವವನೂ, ಪದವಿ ಬಡ್ತಿಗಳ ಲೋಭದಿಂದ ನಡೆಸುವವನೂ ಸಮಾನರಲ್ಲ. ಭಾವ ಮಂದವಾದರೆ ಬಂಧ ಮಂದವಾದೀತು, ಹಿಂಸೆ ಅಹಿಂಸೆಯಾಗದು.

ಎದುರು ಪಕ್ಷದ ಮಾತನ್ನೂ ಪೂರ್ಣವಾಗಿ ಕೇಳಬೇಕು. 1921ರಲ್ಲಿ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ನಾಯಿಗಳ ಮೇಲೆ ಪ್ರಯೋಗ ನಡೆಸಿ ಇನ್ಸುಲಿನ್ ಕಂಡುಹಿಡಿದರು. 1922ರ ಜನವರಿಯಲ್ಲಿ ಹದಿನಾಲ್ಕು ವರ್ಷದ ಬಾಲಕನೊಬ್ಬನಿಗೆ ಅದನ್ನು ಮೊದಲು ಕೊಡಲಾಯಿತು. ಅದಕ್ಕೆ ಮೊದಲು ಆ ಬಗೆಯ ಮಧುಮೇಹ ತಗಲಿದ ಮಕ್ಕಳು ಬದುಕುತ್ತಿರಲಿಲ್ಲ. ಮನುಷ್ಯರ ಮೇಲೆ ನಾಜಿಗಳು ನಡೆಸಿದ ಘೋರ ಪ್ರಯೋಗಗಳ ವಿಚಾರಣೆಯಿಂದ 1947ರಲ್ಲಿ ಹುಟ್ಟಿದ ನ್ಯೂರೆಂಬರ್ಗ್ ಸಂಹಿತೆ, ಮನುಷ್ಯನ ಮೇಲಿನ ಪ್ರಯೋಗಕ್ಕೆ ಪ್ರಾಣಿಪ್ರಯೋಗದ ಫಲಿತಾಂಶಗಳು ಆಧಾರವಾಗಿರಬೇಕೆಂದು ವಿಧಿಸಿತು. ಮನುಷ್ಯನನ್ನು ಕಾಪಾಡುವ ಕಟ್ಟಳೆಯೇ ಪ್ರಾಣಿಯನ್ನು ಮುಂದೆ ತಳ್ಳಿತು. ಇದು ಧರ್ಮಸಂಕಟ, ಸುಲಭ ಘೋಷಣೆಗಳಿಂದ ಬಿಡಿಸಲಾಗದ ಗಂಟು. ಆದರೆ ಗಂಟು ಸಡಿಲಗೊಳ್ಳುತ್ತಿದೆ. ಹಂದಿ ದನಗಳ ಮೇದೋಜೀರಕ ಗ್ರಂಥಿಯಿಂದ ತೆಗೆಯುತ್ತಿದ್ದ ಇನ್ಸುಲಿನ್ ಬದಲಿಗೆ ಸೂಕ್ಷ್ಮಜೀವಿಗಳಿಂದ ತಯಾರಾದುದು 1982ರಿಂದ ಬಳಕೆಗೆ ಬಂದಿದೆ. ಹೊಸ ಔಷಧಕ್ಕೆ ಪ್ರಾಣಿಪರೀಕ್ಷೆಯೇ ಆಗಬೇಕೆಂಬ ಕಡ್ಡಾಯವನ್ನು ಅಮೆರಿಕ 2022ರ ಕೊನೆಯಲ್ಲಿ ಕೈಬಿಟ್ಟಿತು. ಭಾರತವೂ 2023ರಲ್ಲಿ ತನ್ನ ನಿಯಮಗಳನ್ನು ತಿದ್ದಿ ಪ್ರಾಣಿರಹಿತ ವಿಧಾನಗಳಿಗೆ ಅವಕಾಶ ಕೊಟ್ಟಿತು. ನಿನ್ನೆ ಅನಿವಾರ್ಯವಾಗಿದ್ದುದು ಇಂದು ರೂಢಿ ಮಾತ್ರವಾಗಿ ಉಳಿದಿರಬಹುದು. ಹಾಗೆ ಉಳಿದಿದೆಯೇ ಎಂದು ಕೇಳದಿರುವುದೇ ಪ್ರಮಾದ.

ನಮ್ಮ ಪಾಲು

ಪರಗ್ರಂಥದ ಕೊರತೆಗಳನ್ನು ಎಣಿಸಿ ಸುಮ್ಮನಾಗುವುದು ಈ ಬರೆಹದ ಉದ್ದೇಶವಲ್ಲ. ಸಂರಂಭ, ಸಮಾರಂಭ, ಆರಂಭ ಎಂಬ ಮೂರು ಹಂತಗಳನ್ನು ಮನ, ವಚನ, ಕಾಯಗಳಿಂದಲೂ, ಮಾಡುವುದು, ಮಾಡಿಸುವುದು, ಅನುಮೋದಿಸುವುದು ಎಂಬ ಮೂರರಿಂದಲೂ, ನಾಲ್ಕು ಕಷಾಯಗಳಿಂದಲೂ ಗುಣಿಸಿ ನಮ್ಮ ಆಚಾರ್ಯರು 108 ಭೇದಗಳನ್ನು ಹೇಳಿದ್ದಾರೆ. ಪ್ರಯೋಗದ ಯೋಜನೆಯನ್ನು ಬರೆಯುವುದು ಸಂರಂಭ, ಪ್ರಾಣಿಗಳನ್ನು ತರಿಸಿ ಪಂಜರಕ್ಕೆ ಹಾಕುವುದು ಸಮಾರಂಭ, ಶಸ್ತ್ರವನ್ನೆತ್ತುವುದು ಆರಂಭ. ಅದಕ್ಕೆ ಹಣ ಒದಗಿಸಿದವನದು ಮಾಡಿಸಿದ ಪಾಲು. ಫಲವನ್ನುಂಡು ಪ್ರಶ್ನೆ ಕೇಳದವನದು ಅನುಮೋದನೆಯ ಪಾಲು. ಈ ಮಾತು ರಸೆಲ್ ಮತ್ತು ಬರ್ಚ್ ಅವರ ಗ್ರಂಥದಲ್ಲಿಲ್ಲ; ಅಲ್ಲಿ ಹೊಣೆಯೆಲ್ಲ ಪ್ರಯೋಗಕಾರನ ಕೈಯಲ್ಲಿ ಮುಗಿಯುತ್ತದೆ. ನಮ್ಮ ಶಾಸ್ತ್ರ ಆ ಹೊಣೆಯನ್ನು ಆಸ್ಪತ್ರೆಗೆ ದಾನ ಕೊಟ್ಟ ಟ್ರಸ್ಟಿನವರೆಗೆ, ಔಷಧ ಕೊಂಡ ಮನೆಯವರೆಗೆ ತರುತ್ತದೆ.

ಹಾಗೆಂದು ರೋಗಿಗೆ ಔಷಧವನ್ನು ಬಿಡೆಂದು ಹೇಳುವುದು ಧರ್ಮವಲ್ಲ. ಅದು ಇನ್ನೊಂದು ನಿರ್ದಯತೆ. ಔಷಧ ಸೇವಿಸುವವನು ಅದರ ಹಿಂದಿನ ಜೀವಗಳನ್ನು ತನ್ನ ಪ್ರತಿಕ್ರಮಣದಲ್ಲಿ ನೆನೆಯಲಿ. ಅನಾವಶ್ಯಕ ಭೋಗವಸ್ತುಗಳನ್ನು ಕೊಳ್ಳುವಾಗ ಎಚ್ಚರ ವಹಿಸಲಿ. ನಮ್ಮ ಟ್ರಸ್ಟುಗಳು ಮಾಡಬಹುದಾದುದು ಇನ್ನೂ ಹೆಚ್ಚಿದೆ.

ಪ್ರಾಣಿಪ್ರಯೋಗ ನಡೆಸುವ ಪ್ರತಿಯೊಂದು ಸಂಸ್ಥೆಯಲ್ಲಿಯೂ ನಿಯಮದಂತೆ ಒಂದು ನೀತಿಸಮಿತಿ ಇರಬೇಕು. ಅದರಲ್ಲಿ ವಿಜ್ಞಾನಿಯಲ್ಲದ, ಸಾಮಾಜಿಕ ಕಳಕಳಿಯುಳ್ಳ ಒಬ್ಬ ಸದಸ್ಯನಿಗೆ ಸ್ಥಾನವುಂಟು. ಆ ಕುರ್ಚಿಯಲ್ಲಿ ಕುಳಿತು, ಈ ಪ್ರಯೋಗಕ್ಕೆ ಪರ್ಯಾಯವಿಲ್ಲವೇ, ಇಷ್ಟು ಪ್ರಾಣಿಗಳೇಕೆ ಎಂದು ಪ್ರತಿ ಸಭೆಯಲ್ಲಿಯೂ ಕೇಳಬಲ್ಲ ಶ್ರಾವಕರು ನಮ್ಮಲ್ಲಿ ಎಷ್ಟು ಮಂದಿ ಸಿದ್ಧರಿದ್ದಾರೆ? ವೇದಿಕೆಯ ಹತ್ತು ಭಾಷಣಗಳಿಗಿಂತ ಅಂತಹ ಒಂದು ಪ್ರಶ್ನೆ ಹೆಚ್ಚು ಜೀವಗಳನ್ನು ಉಳಿಸೀತು.

ನಮ್ಮ ದೇಶದ ಮಾರ್ಗಸೂಚಿಗಳು ಮೂರು ಆರ್‌ಗಳಿಗೆ ಪುನರ್ವಸತಿ ಎಂಬ ನಾಲ್ಕನೆಯದನ್ನು ಸೇರಿಸಿವೆ. ಪ್ರಯೋಗದ ಅನಂತರ ಪ್ರಾಣಿಯ ಪಾಲನೆಯ ವೆಚ್ಚ ಸಂಶೋಧನೆಯ ವೆಚ್ಚದ ಭಾಗವಾಗಿರಬೇಕೆಂದು ಹೇಳಿವೆ. ಪಿಂಜರಾಪೋಲು, ಗೋಶಾಲೆಗಳನ್ನು ತಲೆಮಾರುಗಳಿಂದ ನಡೆಸಿಬಂದ ನಮ್ಮವರಿಗಿಂತ ಈ ಕೆಲಸಕ್ಕೆ ಅರ್ಹರು ಯಾರು? ವಿಶ್ರಾಂತಿಗೆ ಬಂದ ಒಂದು ನಾಯಿಗೋ ಕುದುರೆಗೋ ಜಾಗ ಮಾಡಿಕೊಡುವುದು ನಮ್ಮ ಸಂಸ್ಥೆಗಳಿಗೆ ಭಾರವಾಗದು.

ಇನ್ನು ವಿದ್ಯಾರ್ಥಿವೇತನ. ಜೀವಶಾಸ್ತ್ರ, ಔಷಧಶಾಸ್ತ್ರಗಳನ್ನು ಓದಬೇಡಿರೆಂದು ಮಕ್ಕಳನ್ನು ತಡೆದರೆ ಆ ಕ್ಷೇತ್ರ ನಮ್ಮಂತೆ ಯೋಚಿಸುವವರಿಲ್ಲದೆ ಬರಿದಾಗುತ್ತದೆ. ಪದವಿ ತರಗತಿಗಳಲ್ಲಿ ಪ್ರಾಣಿಗಳ ಅಂಗಚ್ಛೇದನವನ್ನು ಕೈಬಿಡಲು ವಿಶ್ವವಿದ್ಯಾಲಯ ಧನಸಹಾಯ ಆಯೋಗ 2014ರಲ್ಲಿ ನಿರ್ಧರಿಸಿದ ಮೇಲೆ ಆ ಹಳೆಯ ಅಡ್ಡಿಯೂ ತಗ್ಗಿದೆ. ಜೀವಕೋಶಗಳ ಕೃಷಿ, ಗಣಕಯಂತ್ರದ ಮಾದರಿ ಮೊದಲಾದ ಪ್ರಾಣಿರಹಿತ ವಿಧಾನಗಳಲ್ಲಿ ಸಂಶೋಧನೆ ಮಾಡುವವರಿಗೆಂದೇ ಟ್ರಸ್ಟುಗಳು ವಿದ್ಯಾರ್ಥಿವೇತನವನ್ನು ಮೀಸಲಿಡಬಹುದು. ಆಹಾರ, ಔಷಧ, ಜ್ಞಾನ, ಅಭಯ ಎಂಬ ನಾಲ್ಕು ದಾನಗಳಲ್ಲಿ ಮೂರು ಒಂದೇ ಕಡೆ ಕೂಡುವ ಸಂದರ್ಭ ಇದಕ್ಕಿಂತ ಬೇರೊಂದು ತೋರದು. ಓದಿಗೆ ನೆರವಾದುದು ಜ್ಞಾನದಾನ. ಆ ಓದು ರೋಗಿಗೆ ಮದ್ದಾಗಿ ಒದಗಿದರೆ ಔಷಧದಾನ. ಆ ಮದ್ದಿಗಾಗಿ ಪಂಜರ ಸೇರಬೇಕಾಗಿದ್ದ ಜೀವ ಹೊರಗುಳಿದರೆ ಅಭಯದಾನ.

ರಸೆಲ್ ಮತ್ತು ಬರ್ಚ್ ಅವರ ಗ್ರಂಥ ಅಪೂರ್ಣ, ಆದರೆ ಪ್ರಾಮಾಣಿಕ. ಅದು ಕೈಗೆ ಸಂಯಮವನ್ನು ಕಲಿಸಿತು. ಸಂಕಲ್ಪಕ್ಕೆ ಸಂಯಮವನ್ನು ಕಲಿಸುವ ಪಾಠ ನಮ್ಮ ಬಳಿ ಶತಮಾನಗಳಿಂದ ಇದೆ. ಅದನ್ನು ಬಸದಿಯ ಪ್ರಾಂಗಣದಿಂದ ಪ್ರಯೋಗಶಾಲೆಯ ಬಾಗಿಲಿಗೆ ಒಯ್ಯುವ ಹೊಣೆ ನಮ್ಮದು.